ಐವತ್ತು ಡಾಲರಿನ ಜಾಮೀನು

ಕಳೆದ ವರ್ಷ ನವೆಂಬರಿನ ಒಂದು ಶನಿವಾರ. ನ್ಯೂಜೆರ್ಸಿಯ ಮನ್ರೋದಲ್ಲಿ ನಮಗದು ನಾಲ್ಕನೆಯ ಚಳಿಗಾಲ. ನನ್ನ ಗಂಡ ಪ್ರಕಾಶ್ ಆ ಬೇಸಿಗೆಯಲ್ಲಿ ಕೆಲಸ ಕಳೆದುಕೊಂಡಿದ್ದರು. ಕ್ರ್ಯಾನ್‌ಬರಿಯ ಔಷಧಿ ಕಂಪನಿಯ ಕೆಲಸದ ಜೊತೆ ವೀಸಾ ಕೂಡ ಹೋಗಿತ್ತು. ನನ್ನ ಕೆಲಸದ ವೀಸಾದ ಮೇಲೆ ಅವರು ಇಲ್ಲೇ ಇರಲು ಅರ್ಜಿ ಹಾಕಿ ಕಾಯುತ್ತಿದ್ದೆವು. ದಿನಾ ಬೆಳಗ್ಗೆ ಸ್ನಾನ ಮಾಡಿ, ಇಸ್ತ್ರಿ ಶರಟು ಹಾಕಿಕೊಂಡು ಲ್ಯಾಪ್‌ಟಾಪ್ ಮುಂದೆ ಕೂರುತ್ತಿದ್ದರು. ಏನು ಕೇಳಿದರೂ ‘ಹ್ಞೂಂ’, ‘ಉಹೂಂ’. ಅದಕ್ಕಿಂತ ಹೆಚ್ಚು ಮಾತಿಲ್ಲ, ನಗುವಿಲ್ಲ.

ಅವತ್ತು ನಮ್ಮ ಮಗಳು ಅನಘಾ ಅಪ್ಪನನ್ನು ಒತ್ತಾಯ ಮಾಡಿ ತನ್ನ ಹೈಸ್ಕೂಲಿಗೆ ಕರೆದುಕೊಂಡು ಹೋಗಿದ್ದಳು. ಅವಳು ಹತ್ತನೇ ಕ್ಲಾಸು. ಅವಳಿರುವ ಸರ್ವಿಸ್ ಕ್ಲಬ್‌ನವರು ಇಲ್ಲದವರ ಮನೆಯ ಮಕ್ಕಳಿಗೆ ಚಳಿಗಾಲದ ಕೋಟು ಕೊಡಿಸಲು ಹಣ ಕೂಡಿಸುತ್ತಿದ್ದರು. ಕೇಕು, ಬಿಸ್ಕತ್ತು ಮಾರುತ್ತಾರೆ, ಟೇಬಲ್ ಎತ್ತಿಡಲು ಅಪ್ಪ ಬೇಕೇನೋ ಅಂದುಕೊಂಡು ನಾನು ಹೆಚ್ಚು ವಿಚಾರಿಸಲಿಲ್ಲ. ಮನೆಯಿಂದ ಹೊರಗೆ ಹೊರಟರಲ್ಲ, ಅಷ್ಟೇ ಸಾಕಾಗಿತ್ತು.

ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದಾಗ ಫೋನ್ ಬಂತು. ಗೊತ್ತಿಲ್ಲದ ನಂಬರು. ಒಂದು ಹೆಣ್ಣು ದನಿ, ಬಹಳ ಗಂಭೀರವಾಗಿ, “ಮ್ಯಾಮ್, ಮಿಸ್ಟರ್ ಪ್ರಕಾಶ್ ಈಸ್ ಇನ್ ಅವರ್ ಕಸ್ಟಡಿ. ಬೇಲ್ ಈಸ್ ಫಿಫ್ಟಿ ಡಾಲರ್ಸ್” ಅಂದಿತು. ತಕ್ಷಣ ಫೋನ್ ಕಟ್ ಮಾಡಿದೆ. ಮೈಸೂರಿನಲ್ಲಿ ನಮ್ಮ ಚಿಕ್ಕಪ್ಪನಿಗೆ ಇದೇ ರೀತಿ ಯಾರೋ ಪೊಲೀಸರ ಹೆಸರು ಹೇಳಿ, ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ ಅಂತ ಹೆದರಿಸಿ, ಅವರ ಪೆನ್ಷನ್ ದುಡ್ಡನ್ನೆಲ್ಲ ಗುಳುಂ ಮಾಡಿದ್ದರು. ಅರೆಸ್ಟ್ ಅನ್ನೋ ಮಾತು ಬಂದರೆ ಫೋನ್ ಇಟ್ಟುಬಿಡಬೇಕು ಅಂತ ಅವತ್ತಿನಿಂದ ನಮ್ಮ ಮನೆಯಲ್ಲಿ ಎಲ್ಲರಿಗೂ ಪಾಠವಾಗಿತ್ತು.

ಆದರೆ ಫೋನ್ ಇಟ್ಟ ಮೇಲೆ ತಲೆ ಕೆಟ್ಟುಹೋಯಿತು. ಕಳ್ಳರಾದರೆ ಬರೀ ಐವತ್ತು ಡಾಲರಿಗೆ ಇಷ್ಟು ಕಷ್ಟಪಡುತ್ತಾರೆಯೇ? ಪೊಲೀಸರಾದರೆ ಐವತ್ತು ಡಾಲರಿಗೆ ಬಿಡುತ್ತಾರೆಯೇ? ಹೆಸರು ಬೇರೆ ಸರಿಯಾಗಿ ಹೇಳಿದರು. ದಾರಿಯಲ್ಲಿ ಯಾರಾದರೂ ತಡೆದು ಪೇಪರ್ ಕೇಳಿದರೋ, ಅರ್ಜಿ ಇನ್ನೂ ಪೆಂಡಿಂಗ್ ಅಂತ ಇವರು ಹೇಳಿಬಿಟ್ಟರೋ ಎಂದು ಯೋಚನೆ ಹತ್ತಿತು. ಇವರಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಅನಘಾಗೆ ಮಾಡಿದೆ, ಅವಳೂ ಎತ್ತಲಿಲ್ಲ. ಒಲೆಯ ಮೇಲೆ ಒಗ್ಗರಣೆ ಸೀದುಹೋಗಿತ್ತು.

ಎಡಿಸನ್‌ನಲ್ಲಿರುವ ಗೆಳತಿ ಮಮತಾಗೆ ಫೋನ್ ಮಾಡಿ ವಿಷಯ ಹೇಳಿದೆ.

“ಸ್ಕ್ಯಾಮೇ ಅದು, ಡೌಟೇ ಬೇಡ” ಅಂದಳು ಮಮತಾ. “ಈಗ ಎಐ ಬಂದ್ಬಿಟ್ಟಿದೆ ಕಣೆ, ಗಂಡನ ವಾಯ್ಸನ್ನೇ ಕಾಪಿ ಮಾಡ್ತಾರೆ. ಮತ್ತೆ ಫೋನ್ ಬಂದ್ರೆ ನಿಮ್ಮಿಬ್ಬರಿಗೆ ಮಾತ್ರ ಗೊತ್ತಿರೋದು ಏನಾದ್ರೂ ಕೇಳು.”

ಅವಳ ಮಾತು ಮುಗಿಯುವುದರೊಳಗೆ ಅದೇ ನಂಬರಿನಿಂದ ಮತ್ತೆ ಫೋನ್. ಈ ಸಲ ಇವರದೇ ದನಿ. “ಲತಾ, ನನ್ನನ್ನ ಹಿಡಿದು ಹಾಕಿದಾರೆ ಕಣೇ. ಬೇಗ ಬಂದು ಬಿಡಿಸ್ಕೊಂಡು ಹೋಗು” ಅಂದರು. ದನಿಯೇನೋ ಥೇಟ್ ಅವರದೇ. ಹಿಂದೆ ಯಾರೋ ಕೇಕೆ ಹಾಕುತ್ತಿದ್ದರು, ಹಾಡು ಬೇರೆ ಕೇಳುತ್ತಿತ್ತು. ಇದೆಂಥ ಸ್ಟೇಷನ್ನು?

ನಾನು ಗಟ್ಟಿ ಮನಸ್ಸು ಮಾಡಿ ಕೇಳಿದೆ, “ನನ್ನನ್ನ ನೋಡೋಕೆ ಬಂದಾಗ ನಮ್ಮನೇಲಿ ನೀವು ಏನು ತಿಂದ್ರಿ? ಹೇಳಿ ನೋಡೋಣ.”

ಸರಿಯಾದ ಉತ್ತರ ಉಪ್ಪಿಟ್ಟು. ಹುಡುಗ ಎರಡು ಸಲ ಹಾಕಿಸಿಕೊಂಡು ತಿಂದ ಎಂದು ನಮ್ಮಮ್ಮ ಈಗಲೂ ಹೇಳುತ್ತಾರೆ. ಫೋನಿನಲ್ಲಿದ್ದವರು, “ಏನೂ ತಿನ್ಲಿಲ್ಲ ಮಾರಾಯ್ತಿ. ನಿಮ್ಮಮ್ಮನ ಉಪ್ಪಿಟ್ಟಲ್ಲಿ ಉಪ್ಪೇ ಇರ್ಲಿಲ್ಲ. ಎರಡು ಸಲವೂ ನಿನ್ನ ತಮ್ಮನ ತಟ್ಟೆಗೆ ದಾಟಿಸಿದೆ” ಎಂದು ಹೇಳಿ ಹೊಟ್ಟೆ ಹುಣ್ಣಾಗುವ ಹಾಗೆ ನಗತೊಡಗಿದರು. ನಕ್ಕು ನಕ್ಕು ಕೆಮ್ಮು ಬಂತು.

ನನಗೆ ಖಾತ್ರಿಯಾಯಿತು, ಇವರು ಪ್ರಕಾಶ್ ಅಲ್ಲ. ಫೋನ್ ಇಟ್ಟೆ.

ಹಾಗಾದರೆ ನಿಜವಾದ ಪ್ರಕಾಶ್ ಎಲ್ಲಿ? ಅವರ ಜೊತೆ ಹೋದ ಮಗಳು ಎಲ್ಲಿ? ಸ್ಟೇಷನ್‌ಗೆ ಹೋಗೋಣ ಅಂದರೆ, ಇಲ್ಲದ ಪೇಚಾಟವನ್ನು ನಾನೇ ಮೈಮೇಲೆ ಎಳೆದುಕೊಂಡ ಹಾಗಾಗುತ್ತದೇನೋ ಎಂಬ ಹೆದರಿಕೆ. ಮೊದಲು ಮಗಳನ್ನು ನೋಡೋಣ ಎಂದುಕೊಂಡು, ಮನೆಯ ಚಪ್ಪಲಿಯಲ್ಲೇ ಕಾರು ಹತ್ತಿ ಸ್ಕೂಲಿನ ಕಡೆ ಡ್ರೈವ್ ಮಾಡಿದೆ. ದಾರಿಯುದ್ದಕ್ಕೂ ದೇವರಿಗೆ ಹರಕೆ ಹೊರುತ್ತಿದ್ದೆ.

ಸ್ಕೂಲಿನ ಜಿಮ್ ಅನ್ನುವ ದೊಡ್ಡ ಆಟದ ಹಾಲಿನ ಬಾಗಿಲು ತಳ್ಳಿದರೆ ಒಳಗೆ ಜಾತ್ರೆಯಷ್ಟು ಜನ. ಮಧ್ಯದಲ್ಲಿ ರಟ್ಟಿಗೆ ಕಪ್ಪು ಬಣ್ಣ ಬಳಿದು ಕಂಬಿ ಮಾಡಿದ ಒಂದು ಜೈಲು. ಪೊಲೀಸ್ ಟೋಪಿ ಹಾಕಿಕೊಂಡು ಮೇಜಿನ ಹಿಂದೆ ಕುಳಿತವಳು ನಮ್ಮ ಅನಘಾ. “ಅಮ್ಮಾ, ಯು ಹಂಗ್ ಅಪ್ ಆನ್ ಅಸ್ ಟ್ವೈಸ್” ಎಂದು, ನಾನು ಎರಡು ಸಲ ಫೋನ್ ಇಟ್ಟದ್ದಕ್ಕೆ ಮುಖ ಊದಿಸಿಕೊಂಡಳು. ವಿಷಯ ಇಷ್ಟು: ಊರಿನ ದೊಡ್ಡವರನ್ನು ಸುಳ್ಳುಸುಳ್ಳೇ ‘ಅರೆಸ್ಟ್’ ಮಾಡುವುದು, ಅವರ ಫೋನ್ ಕಿತ್ತಿಟ್ಟುಕೊಳ್ಳುವುದು, ಕ್ಲಬ್ಬಿನ ಫೋನಿನಿಂದ ಮನೆಯವರಿಗೆ ಕರೆ ಮಾಡಿ ಬೇಲ್ ಕೇಳುವುದು. ಆ ದುಡ್ಡು ಮಕ್ಕಳ ಕೋಟುಗಳಿಗೆ. ಇಲ್ಲಿ ಇದು ಮಾಮೂಲಿಯಂತೆ. ನನಗೆ ಯಾರು ಹೇಳಿದ್ದರು?

ರಟ್ಟಿನ ಕಂಬಿಯ ಹಿಂದೆ ಇವರು ನಿಂತಿದ್ದರು. ಇಸ್ತ್ರಿ ಶರಟಿನ ಮೇಲೆ ಇಲ್ಲಿನ ಕೈದಿಗಳು ಹಾಕುವಂಥ ಕಿತ್ತಳೆ ಬಣ್ಣದ ಅಂಗಿ. ಪಕ್ಕದಲ್ಲಿ ಸ್ಕೂಲಿನ ಪ್ರಿನ್ಸಿಪಾಲರು. ಹೆಂಡತಿ ತನ್ನನ್ನೇ ಕಳ್ಳ ಅಂದುಕೊಂಡ ಕಥೆಯನ್ನು ಇವರು ಕೈ ಆಡಿಸುತ್ತಾ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ಸುತ್ತ ನಿಂತ ಮಕ್ಕಳೆಲ್ಲ ಬಿದ್ದು ಬಿದ್ದು ನಗುತ್ತಿದ್ದರು. ನನಗೆ ಸಿಟ್ಟು ಬಂತು, ಸಮಾಧಾನವೂ ಆಯಿತು, ಅಳುವೂ ಬಂತು. ಯಾವುದು ಮೊದಲು ಎಂದು ಗೊತ್ತಾಗಲಿಲ್ಲ.

ಐವತ್ತು ಡಾಲರ್ ತೆಗೆದು ಮೇಜಿನ ಮೇಲಿಟ್ಟೆ. ಇವರು ಕಂಬಿಯ ಹತ್ತಿರ ಬಂದು, “ಈಗಲೇ ಬಿಡಿಸ್ಬೇಡ ಕಣೇ ಲತಾ. ಇನ್ನೂ ಸ್ವಲ್ಪ ಹೊತ್ತು ಇರ್ತೀನಿ” ಅಂದರು. ಮೆಲ್ಲಗೆ, ಮಗುವಿನ ಹಾಗೆ ಕೇಳಿದರು. ನಾನು ಅನಘಾಳ ಮುಖ ನೋಡಿದೆ. “ಟ್ವೆಂಟಿ ಮೋರ್, ಅಂಡ್ ವಿ ಕೀಪ್ ಹಿಮ್” ಅಂದಳು. ಇಪ್ಪತ್ತು ಡಾಲರ್ ಸೇರಿಸಿ ಕೊಟ್ಟು, ಗೋಡೆ ಪಕ್ಕದ ಬೆಂಚಿನ ಮೇಲೆ ಕುಳಿತೆ.

ಆಮೇಲೆ ಅವರ ಅರ್ಜಿ ಮಂಜೂರಾಯಿತು. ಕೆಲಸ ಇನ್ನೂ ಸಿಕ್ಕಿಲ್ಲ. ಮನೆಗೆ ಯಾರು ಬಂದರೂ ಇವರು ಉಪ್ಪಿಟ್ಟಿನ ಕಥೆ ಹೇಳುತ್ತಾರೆ, ನಾನೂ ಎಲ್ಲರ ಜೊತೆ ನಗುತ್ತೇನೆ. ಉತ್ತರ ತಪ್ಪಾಗಿತ್ತು, ಅದಕ್ಕೇ ನಂಬಲಿಲ್ಲ ಎಂದು ಬಂದವರಿಗೆ ಹೇಳುತ್ತೇನೆ. ಅದು ಸುಳ್ಳು. ಉತ್ತರ ಕೇಳಿದಾಗಲೂ ಅವರೇ ಇರಬಹುದು ಎಂದು ನನಗೆ ಅನ್ನಿಸಿತ್ತು. ಅವರು ನಕ್ಕರಲ್ಲ, ಆ ನಗು ಕೇಳಿದ ಮೇಲೆಯೇ ಇವರು ನನ್ನ ಗಂಡ ಅಲ್ಲ ಎಂದು ನಾನು ಫೋನ್ ಇಟ್ಟದ್ದು.