ಚಿಲಕ ಹಾಕಿದ ಟೈಲರಕ್ಕ

ಟೈಲರಕ್ಕನ ಎಡ ಹೆಬ್ಬೆರಳಿನ ಉಗುರು ಉದ್ದಕ್ಕೆ ಸೀಳಿತ್ತು. ಯಾವ ಕಾಲದಲ್ಲೋ ಮಿಷನ್ನಿನ ಸೂಜಿ ಅದರೊಳಗೆ ಇಳಿದಿತ್ತಂತೆ. ಆಮೇಲೆ ಬಂದ ಉಗುರೆಲ್ಲ ಎರಡು ಹೋಳಾಗಿಯೇ ಬೆಳೆಯಿತು. ಅಳತೆ ತೆಗೆಯುವಾಗ ಅದು ನಮ್ಮ ಮೈಗೆ ತರಚಬಾರದೆಂದು ಬೆರಳು ಮಡಚಿಕೊಳ್ಳುತ್ತಿದ್ದರು. ಗೌರಿಬಿದನೂರಿನ ಸ್ಟೇಷನ್ ರಸ್ತೆಯಲ್ಲಿ ಅವರ ಅಂಗಡಿ ಒಂದು ಮಂಚದಷ್ಟಿತ್ತು. ಬೇರೆ ಟೈಲರುಗಳು ಹೆಣ್ಣುಮಕ್ಕಳ ಅಳತೆಯನ್ನು ರಸ್ತೆಗೆ ಕೇಳುವಂತೆ ಕೂಗಿ ಬರೆಸುತ್ತಿದ್ದರು. ಇವರು ತಾವೇ ಚೀಟಿಯಲ್ಲಿ ಗೀಚಿ ಬಟ್ಟೆಯೊಳಗೆ ಸುತ್ತಿಡುತ್ತಿದ್ದರು.

"ನಿನ್ ಮೈ ಸುದ್ದಿ ಊರಿಗ್ಯಾಕೆ ತಲ್ಲಿ?" ಎನ್ನುವರು. ಅವರ ಮನೆಮಾತು ತೆಲುಗು. ಹುಡುಗಿಯರೆಲ್ಲ ಅವರಿಗೆ 'ತಲ್ಲಿ', ಅಂದರೆ ತಾಯಿ.

ಏಳನೇ ಕ್ಲಾಸಿನಲ್ಲಿ ನಾನು ಮೊದಲ ಸಲ ಮುಟ್ಟಾದೆ. ಅಜ್ಜಿ "ಒಸಗೆ ಮಾಡ್ಬೇಕು" ಎಂದಳು. ಅಮ್ಮ ಪಕ್ಕದ ಮನೆಯವರಿಗೆ "ದೊಡ್ಡೋಳಾದ್ಲು" ಎಂದು ಪಿಸುಗುಟ್ಟಿದಳು. ಅಪ್ಪನ ಬಾಯಲ್ಲಿ ಈ ಎರಡೂ ಮಾತು ಬರಲಿಲ್ಲ. ಫೋನ್ ಹಿಡಿದು ಅಂಗಳದಲ್ಲಿ ಓಡಾಡುತ್ತ, "ಮಗಳ ಹಾಫ್ ಸ್ಯಾರಿ ಫಂಕ್ಷನ್ ಇಟ್ಕೊಂಡಿದೀನಿ, ಗ್ರ್ಯಾಂಡಾಗಿ ಮಾಡ್ತೀನಿ. ಎಲ್ರೂ ಬರ್ಬೇಕು" ಎಂದ. ಆ ವರ್ಷ ಅವನು ಹಾಲಿನ ಸೊಸೈಟಿಯ ಚುನಾವಣೆಗೆ ನಿಲ್ಲುವವನಿದ್ದ. ಇಂಗ್ಲಿಷ್ ಹೆಸರು ಬಿದ್ದದ್ದೇ ತಡ, ಮನೆಯೊಳಗಿನ ಪಿಸುಮಾತು ಬಸ್ ಸ್ಟ್ಯಾಂಡಿಗೆ ಹೋಯಿತು. ಅಲ್ಲಿ ಕಟ್ಟಿದ ಫ್ಲೆಕ್ಸಿನಲ್ಲಿ ನನ್ನ ಮುಖಕ್ಕೆ ಸುಣ್ಣ ಬಳಿದಂಥ ಬಣ್ಣ. ಕೆಳಗೆ ಕೈ ಮುಗಿದ ಹನ್ನೊಂದು ಗಂಡಸರ ತಲೆಗಳು. ಸ್ಕೂಲಿನ ಹುಡುಗರು ಅದರ ಕೆಳಗೆ ನಿಂತು ನಗುತ್ತಿದ್ದರು. ನನಗೆ ನನ್ನ ಮುಖವನ್ನೇ ಉಜ್ಜಿ ತೆಗೆಯಬೇಕು ಅನ್ನಿಸಿತು.

ರವಿಕೆ ಹೊಲಿಸಲು ಹೋದಾಗ ಅಪ್ಪ ಗೊತ್ತುಮಾಡಿದ್ದ ಈವೆಂಟ್‌ನವನೂ ಜೊತೆಗೆ ಬಂದ. ಫೋನಿನಲ್ಲಿ ಯಾವಳೋ ನಾಯಕಿಯ ಫೋಟೊ ತೋರಿಸಿ, "ಇದೇ ಥರ ಬೇಕು ಮೇಡಂ, ವಿಡಿಯೋದಲ್ಲಿ ಹೀರೋಯಿನ್ ಲುಕ್ ಬರ್ಬೇಕು" ಎಂದ.

ಟೈಲರಕ್ಕ ಫೋನನ್ನು ಅವನ ಕೈಗೇ ತಳ್ಳಿದರು. "ಇದು ಏಳನೇ ಕ್ಲಾಸಿನ ಮಗು. ಮಗೂಗೆ ಹೊಲಿಯೋ ಹಂಗೆ ಹೊಲೀತೀನಿ. ನೀನು ಆಚೆ ನಿಂತ್ಕೊಳಪ್ಪ, ಅಳತೆ ತಗೀಬೇಕು."

ಫಂಕ್ಷನ್ ದಿನ ಅಮ್ಮ ಅವರನ್ನು ಸೆರಗು ಪಿನ್ ಮಾಡಲು ಕರೆಸಿದ್ದಳು. ಮಂಟಪದಲ್ಲಿ ನನ್ನನ್ನು ಬಣ್ಣದ ದೀಪಗಳ ಕುರ್ಚಿಯಲ್ಲಿ ಕೂರಿಸಿದರು. ತಲೆಯ ಮೇಲೆ ಡ್ರೋನ್ ಗುಂಯ್ಗುಡುತ್ತಿತ್ತು. ಗುರುತು ಪರಿಚಯವಿಲ್ಲದ ಗಂಡಸರು ಸಾಲಾಗಿ ಬಂದು ತಲೆಗೆ ಅಕ್ಷತೆ ಹಾಕಿ ಅಪ್ಪನ ಜೊತೆ ಫೋಟೊ ತೆಗೆಸಿಕೊಂಡರು. ಒಬ್ಬ ಮೈಕ್ ತಂದು ನನ್ನ ಬಾಯಿಗಿಟ್ಟ. "ಇವತ್ತಿಂದ ನೀವು ದೊಡ್ಡವರು! ಹೇಗನ್ನಿಸ್ತಿದೆ ಮೇಡಂ?" ಹೊಟ್ಟೆ ನೋಯುತ್ತಿತ್ತು. ಬಾಯಿ ತುಂಬ ಹುಳಿನೀರು ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಟೈಲರಕ್ಕ ದಡದಡನೆ ವೇದಿಕೆ ಹತ್ತಿದರು. "ರವಿಕೆ ಹೊಲಿಗೆ ಬಿಟ್ಟಿದೆ, ಐದ್ ನಿಮಿಷ" ಎಂದು ನನ್ನ ತೋಳು ಹಿಡಿದು ಡ್ರೆಸ್ಸಿಂಗ್ ರೂಮಿಗೆ ಎಳೆದುಕೊಂಡು ಹೋಗಿ ಚಿಲಕ ಹಾಕಿದರು. ಹೊಲಿಗೆ ಎಲ್ಲೂ ಬಿಟ್ಟಿರಲಿಲ್ಲ. ನಾನು ವಾಂತಿ ಮಾಡಿಕೊಂಡೆ. ಅವರು ಬೆನ್ನು ಸವರಿ, ಜಡೆಯ ಭಾರವನ್ನೆಲ್ಲ ಬಿಚ್ಚಿ ನೆಲದ ಮೇಲಿಟ್ಟರು.

ಹೊರಗಿನಿಂದ ಅಪ್ಪ ಬಾಗಿಲು ಬಡಿದ. "ಎಂಎಲ್‌ಎ ಕಡೆಯೋರು ಬಂದವ್ರೆ, ತೆಗೀರಿ!"

"ಮಗೂಗೆ ಹುಷಾರಿಲ್ಲ. ತೆಗಿಯಲ್ಲ," ಎಂದರು ಇವರು.

ಬಡಿತ ನಿಲ್ಲಲಿಲ್ಲ. ಬಾಗಿಲಿಗೆ ಬೆನ್ನು ಕೊಟ್ಟು ಕೂತೇ ಅವರು ತಮ್ಮ ಕಥೆ ಹೇಳಿದರು. ಅವರು ಮೊದಲ ಸಲ ಮುಟ್ಟಾದಾಗ ಹಿತ್ತಿಲಲ್ಲಿ ತೆಂಗಿನ ಗರಿಯ ಗುಡಿಸಲು ಹಾಕಿ ಹನ್ನೊಂದು ದಿನ ಕೂಡಿಹಾಕಿದ್ದರಂತೆ. ಊಟವನ್ನು ದೂರದಿಂದ ತಳ್ಳುತ್ತಿದ್ದರು. ಪರೀಕ್ಷೆ ತಪ್ಪಿತು, ಸ್ಕೂಲೂ ಅಲ್ಲಿಗೇ ಮುಗಿಯಿತು.

"ನಮ್ಮುನ್ನ ಬಚ್ಚಿಟ್ರು, ನಿಮ್ಮುನ್ನ ಬಿಚ್ಚಿಡ್ತವ್ರೆ. ಥೂ! ನಿಂಗೇನ್ ಬೇಕು ಅಂತ ಒಬ್ರಾದ್ರೂ ಕೇಳಿದ್ರಾ ತಲ್ಲಿ?"

ನನಗೆ ಮಲಗಬೇಕಿತ್ತು. ಅವರ ತೊಡೆಯ ಮೇಲೆ ಮಲಗಿದೆ. ಒಂದು ಗಂಟೆ ಬಾಗಿಲು ತೆರೆಯಲಿಲ್ಲ. ಎಂಎಲ್‌ಎ ಕಡೆಯವರು ಊಟ ಮಾಡಿ ಹೋದರು.

ಅಪ್ಪ ಚುನಾವಣೆಯಲ್ಲಿ ಗೆದ್ದ. ಆದರೂ ಸುಮ್ಮನಿರಲಿಲ್ಲ. ಸುತ್ತಲ ಊರುಗಳ ನಮ್ಮ ನೆಂಟರೆಲ್ಲ ಆ ಅಂಗಡಿಗೆ ಬಟ್ಟೆ ಕೊಡುವುದನ್ನು ನಿಲ್ಲಿಸುವಂತೆ ಮಾಡಿದ. ಮದುವೆಗಳ ಹೊಲಿಗೆ ನಿಂತಿತು. ವರ್ಷದೊಳಗೆ ಅಂಗಡಿ ಮುಚ್ಚಿತು. ಟೈಲರಕ್ಕ ಕುಡುಮಲಕುಂಟೆಯ ಗಾರ್ಮೆಂಟ್ಸ್ ಸೇರಿದರು. ದಿನವಿಡೀ ಕಾಲರ್ ಮಾತ್ರ ಹೊಲಿಯುವ ಕೆಲಸ.

ಡಿಗ್ರಿ ಓದುವಾಗ ಒಂದು ಸಂಜೆ ಫ್ಯಾಕ್ಟರಿ ಗೇಟಿನಲ್ಲಿ ಅವರಿಗಾಗಿ ಕಾದೆ. ನಮ್ಮಪ್ಪನಿಂದ ನಿಮ್ಮ ಅಂಗಡಿ ಹೋಯಿತು ಎಂದು ಹೇಳಿ ಅತ್ತೆ. ಪರವಾಗಿಲ್ಲ ಬಿಡು ಅನ್ನುತ್ತಾರೆಂದುಕೊಂಡಿದ್ದೆ.

"ಹೂಂ, ಅವನಿಂದ್ಲೇ ಹೋಯ್ತು. ನಂಗಿನ್ನೂ ಸಿಟ್ಟಿದೆ ಕಣೇ," ಎಂದರು. "ನಿನ್ ಮೇಲಲ್ಲ. ಆವತ್ ಬಾಗ್ಲು ಹಾಕಿದ್ದು ತಪ್ಪು ಅಂತ್ಲೂ ಅಲ್ಲ." ಅಷ್ಟು ಹೇಳಿ, ಬಸ್ ಬಂತೆಂದು ಓಡಿದರು.

ಹೋದ ವರ್ಷ ಅವರು ತೀರಿಕೊಂಡರು. ನನಗೆ ತಿಳಿದದ್ದು ವಾರದ ಮೇಲೆ, ಅದೂ ಊಟದ ನಡುವೆ, ಅಪ್ಪನ ಬಾಯಿಂದ. "ಆ ಸ್ಟೇಷನ್ ರೋಡ್ ಟೈಲರ್ ಹೋದ್ಲಂತೆ. ಒಳ್ಳೇ ಕೈ ಕೆಲಸ ಇತ್ತು, ಪಾಪ," ಎಂದ. ಎಂದು, ಸಾರಿಗೆ ಕೈ ಚಾಚಿದ.

ತಟ್ಟೆ ಬಿಟ್ಟು ಎದ್ದು ಕೈ ತೊಳೆದೆ. "ಏನಾಯ್ತಮ್ಮ?" ಎಂದ ಅಪ್ಪ. ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಆಮೇಲೆ ನಾನು ಆ ಮನೆಯಲ್ಲಿ ಉಂಡಿಲ್ಲ.