ನಾನೂರ ಹದಿಮೂರನೇ ನಂಬರಿನ ಕುಟ್ಟಾಣಿ

ಕೋಟೆಯೊಳಗಿನ ಮ್ಯೂಸಿಯಮ್ಮಿನ ಏಳು ಬೀಗಗಳನ್ನು ತೆಗೆದ ಮೇಲೆ ಬೀಗದಕ್ಕ ದಿನಾ ಬೆಳಗ್ಗೆ ಮೊದಲು ಒರೆಸುವುದು ಮೂರನೇ ಕೋಣೆಯ ಮೂಲೆಯಲ್ಲಿರುವ ಗಾಜಿನ ಪೆಟ್ಟಿಗೆಯನ್ನು. ಗಾಜಿನ ಮೇಲೆ ಹಾ ಎಂದು ಉಸಿರು ಬಿಟ್ಟು, ಹಳೆಯ ಬಟ್ಟೆಯಿಂದ ಉಜ್ಜಿ, "ನಿದ್ದೆ ಬಂತೇನಮ್ಮಾ?" ಎಂದು ಮೆಲ್ಲಗೆ ಕೇಳುತ್ತಾಳೆ. ಮೈ ಸುಡುವ ಜ್ವರವಿದ್ದ ದಿನವೂ ಇದನ್ನು ತಪ್ಪಿಸಿದವಳಲ್ಲ. ರಾಜನ ಕತ್ತಿಯ ಸರದಿ ಆಮೇಲೆ. ಅವನೇನೂ ಎದ್ದು ಬಂದು ಕೇಳುವುದಿಲ್ಲ.

ಪೆಟ್ಟಿಗೆಯೊಳಗೆ ಇರುವುದು ಅಂಗೈಯಗಲದ ಒಂದು ಕಲ್ಲಿನ ಕುಟ್ಟಾಣಿ. ಪಕ್ಕದ ಕಾರ್ಡಿನಲ್ಲಿ ಹೀಗೆ ಬರೆದಿದೆ: "ಸುಗಂಧದ್ರವ್ಯ ಅರೆಯುವ ಪಾತ್ರೆ. ರಾಣಿವಾಸ. ಸುಮಾರು ಹದಿಮೂರನೇ ಶತಮಾನ. ಒಳಗೆ ಸೂಕ್ಷ್ಮ ಪರಿಮಳ ಇಂದಿಗೂ ಉಳಿದಿದೆ. ಅಂಚಿನ ಮುಕ್ಕು ಶತ್ರುಗಳ ಮುತ್ತಿಗೆಯ ಕಾಲದ್ದಿರಬಹುದು. ಅರೆಯುವ ಗುಂಡು ದೊರೆತಿಲ್ಲ."

ಆ ಪರಿಮಳ ಒಣಶುಂಠಿ ಮತ್ತು ಕಾಳುಮೆಣಸಿನದು. ಮುತ್ತಿಗೆ ಹಾಕಿದ ಶತ್ರು ಬೀಗದಕ್ಕನೇ. ಐದು ವರ್ಷದವಳಿದ್ದಾಗ ಅದನ್ನು ಹೊಸ್ತಿಲ ಮೇಲೆ ಬೀಳಿಸಿ, ಅಮ್ಮನಿಂದ ಬೆನ್ನಿಗೆ ಎರಡು ಹಾಕಿಸಿಕೊಂಡಿದ್ದಳು. ಇನ್ನು ದೊರೆಯದ ಗುಂಡು ಅವಳ ಕೈಚೀಲದಲ್ಲೇ ಇದೆ.

ಆದದ್ದು ಇಷ್ಟು. ಇಪ್ಪತ್ತಾರು ವರ್ಷ ಕೋಟೆಯ ಧೂಳು ಕುಡಿದ ಗಂಟಲಿಗೆ ಮಧ್ಯಾಹ್ನಕ್ಕೊಮ್ಮೆ ಶುಂಠಿ ಮೆಣಸಿನ ಪುಡಿ ಬೇಕೇ ಬೇಕು. ಅದಕ್ಕಾಗಿ ತೀರಿಹೋದ ಅಮ್ಮನ ಕುಟ್ಟಾಣಿಯನ್ನು ಅವಳು ಕೆಲಸದಲ್ಲೇ ಇಟ್ಟುಕೊಂಡಿದ್ದಳು. ಎರಡು ವರ್ಷದ ಹಿಂದೆ ಕಂದಕದಲ್ಲಿ ಅಗೆದು ತಂದ ಮಡಕೆ ಚೂರುಗಳನ್ನು ತೊಳೆದು ಅಗಲ ತಟ್ಟೆಯಲ್ಲಿ ಕಿಟಕಿಯ ಬಿಸಿಲಿಗೆ ಹರವಿದ್ದರು. ಜಾಗವಿದೆಯಲ್ಲ ಎಂದು ಇವಳೂ ಕುಟ್ಟಾಣಿ ತೊಳೆದು ಅದೇ ತಟ್ಟೆಯ ಅಂಚಿಗೆ ಬೋರಲು ಹಾಕಿದಳು. ಕೈ ಒರೆಸಿಕೊಂಡು ಬರುವಷ್ಟರಲ್ಲಿ ನಂಬರು ಬರೆಯುವವನು ಅದರ ತಳಕ್ಕೆ ಬಿಳಿ ಬಣ್ಣದಲ್ಲಿ ೪೧೩ ಎಂದು ಬರೆದಾಗಿತ್ತು.

"ಅಯ್ಯೋ, ಅದು ನಂದು ಕಣಪ್ಪಾ, ಅಳಿಸು!"

"ಬರೆಯೋದು ನನ್ ಕೆಲಸ ಅಕ್ಕಾ, ಅಳಿಸೋದಕ್ಕೆ ಇಲ್ಲಿ ಯಾರನ್ನೂ ಇಟ್ಟಿಲ್ಲ."

ಅವನು ಸುಳ್ಳು ಹೇಳಲಿಲ್ಲ. ಆ ಮನೆಯ ನಿಯಮವೇ ಹಾಗೆ. ಒಳಗೆ ಬರಲು ಒಂದು ಹನಿ ಬಣ್ಣ ಸಾಕು. ಹೊರಗೆ ಹೋಗಬೇಕಾದರೆ ಒಂದೋ ಒಡೆದಿರಬೇಕು, ಇಲ್ಲವೇ ಕಳುವಾಗಿರಬೇಕು.

ಅವಳು ಮೇಲಧಿಕಾರಿಗಳ ಬಳಿ ಹೋದಳು. ಯಾವ ಕಲ್ಲು ಕೊಟ್ಟರೂ ಒಂದು ಶತಮಾನ ಹೇಳದೆ ಕೆಳಗಿಡದ ಅವರಿಗೆ ಸಿಬ್ಬಂದಿ ಇಟ್ಟ ಹೆಸರು ಶತಮಾನದ ಸಾಹೇಬರು. ಆ ಹೊತ್ತಿಗೆ ಅವರು ಕುಟ್ಟಾಣಿಯನ್ನು ಮೂಸಿ ನೋಡಿ, ಅದರ ಮೇಲೆ ಹನ್ನೊಂದು ಪುಟದ ಲೇಖನ ಬರೆದು ಅಚ್ಚಿಗೂ ಕಳಿಸಿದ್ದರು.

"ನೋಡಿಮ್ಮಾ, ನಿಮ್ಮ ತಾಯಿಗೆ ಇದು ಎಲ್ಲಿಂದ ಬಂತು?"

"ಅವರ ಅತ್ತೆ ಕೊಟ್ಟಿದ್ದು ಸರ್."

"ಆ ಅತ್ತೆಗೆ?"

"ಅವರ ಅತ್ತೆ ಕೊಟ್ಟಿರಬೇಕು."

"ಹೀಗೇ ಹಿಂದೆ ಹಿಂದೆ ಹೋಗಿ. ಹದಿಮೂರನೇ ಶತಮಾನ ತಾನಾಗೇ ಬರುತ್ತೆ."

ಗುಂಡು ತಂದು ತೋರಿಸಿದಳು. ಕುಳಿಗೆ ಅದು ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. ಸಾಹೇಬರ ಕಣ್ಣರಳಿತು. "ಅಬ್ಬಾ! ಇದನ್ನೂ ಇಲ್ಲೇ ಬಿಟ್ಟು ಹೋಗಿ, ಸೆಟ್ ಪೂರ್ತಿಯಾಗುತ್ತೆ." ಗುಂಡು ಪುನಃ ಚೀಲ ಸೇರಿತು.

ಅಂದಿನಿಂದ ಬೀಗದಕ್ಕ ಕಂಡಲ್ಲೆಲ್ಲ ಒಂದನ್ನೇ ಕೇಳುತ್ತ ಬಂದಳು: ನಮ್ಮಮ್ಮನ ಕುಟ್ಟಾಣಿ ಕೊಡಿ. ಕಾಗದದಲ್ಲಿ ಬರೆದು ಕೊಟ್ಟರೆ ಆ ಕಾಗದಕ್ಕೂ ನಂಬರು ಬಿತ್ತು. ನೋಡಲು ಬಂದವರ ಮುಂದೆ ಗೈಡು ರಾಣಿಯ ಸುಗಂಧವನ್ನು ವರ್ಣಿಸುವಾಗ ಅವಳಿಗೆ ಕೆಮ್ಮು ಒತ್ತರಿಸಿ ಬರುತ್ತಿತ್ತು. ದೇವರು ದೊಡ್ಡವನು, ನಗು ಮುಚ್ಚಿಕೊಳ್ಳಲು ಕೆಮ್ಮನ್ನೂ ಕೊಟ್ಟಿದ್ದಾನೆ.

ಟಿಕೆಟ್ ಕೊಡುವವನು ಕಾಲೆಳೆಯುತ್ತಿದ್ದ. "ನಿಮ್ಮ ಮನೇಲಿ ಹಳೇ ಬಾಣಲೆ ಇದ್ರೆ ತನ್ನಿ ಅಕ್ಕಾ, ರಾಜನ ಗುರಾಣಿ ಮಾಡಿಸೋಣ."

"ಬಾಣಲೆ ಯಾಕಪ್ಪಾ, ನಿನ್ನನ್ನೇ ಆ ತಟ್ಟೇಲಿ ಬೋರಲು ಮಲಗಿಸ್ತೀನಿ. ಎದ್ದೇಳೋದ್ರೊಳಗೆ ಸೇನಾಪತಿ ಆಗಿರ್ತೀಯ."

ಕಳೆದ ತಿಂಗಳು ಸುದ್ದಿ ಬಂತು: ಕೇಂದ್ರ ಕಚೇರಿಯಿಂದ ತಜ್ಞರು ಬರುತ್ತಾರೆ, ಒಂದೊಂದೇ ವಸ್ತುವನ್ನು ಕೈಗೆತ್ತಿಕೊಂಡು ನೋಡುತ್ತಾರೆ, ಕಾವಲಿನವರನ್ನೂ ಮಾತಾಡಿಸುತ್ತಾರೆ. ಹಿಂದಿನ ದಿನ ಸಂಜೆ ಬಾಗಿಲು ಹಾಕುವ ಹೊತ್ತಿಗೆ ಶತಮಾನದ ಸಾಹೇಬರು ತಾವೇ ಮೂರನೇ ಕೋಣೆಗೆ ಬಂದರು. ಎರಡು ವರ್ಷದಲ್ಲಿ ಮೊದಲ ಸಲ ಅವಳನ್ನು ಅಕ್ಕಾ ಎಂದು ಕರೆದರು. ಕೈಯಲ್ಲಿದ್ದ ಪೊಟ್ಟಣ ಬಿಚ್ಚಿದರು. ಒಳಗೆ ಇನ್ನೊಂದು ಕುಟ್ಟಾಣಿ. ಅದರ ತಳಕ್ಕೂ ೪೧೩ ಬರೆದಿತ್ತು, ಬಣ್ಣ ಇನ್ನೂ ಹಸಿ.

"ಸಂತೆಯಿಂದ ತಂದೆ. ಇದನ್ನ ಅಲ್ಲಿ ಇಡೋಣ, ನಿಮ್ಮದನ್ನ ಚೀಲದಲ್ಲಿ ಹಾಕ್ಕೊಂಡು ಹಿಂದಿನ ಬಾಗಿಲಿಂದ ಹೋಗ್ಬಿಡಿ. ನಾಳೆ ಮಾತ್ರ ಏನೂ ಹೇಳ್ಬೇಡಿ. ನಿಮಗೋಸ್ಕರ ನನ್ನ ಕೆಲಸಾನೇ ಪಣಕ್ಕಿಟ್ಟು ಈ ಉಪಕಾರ ಮಾಡ್ತಿದೀನಿ."

ಬೀಗದಕ್ಕ ಪೆಟ್ಟಿಗೆ ತೆಗೆದಳು. ಎರಡು ವರ್ಷದ ಮೇಲೆ ಕುಟ್ಟಾಣಿ ಕೈಗೆ ಬಂತು. ಅಂಚಿನ ಮುಕ್ಕಿನ ಮೇಲೆ ಹೆಬ್ಬೆರಳು ಆಡಿಸಿದಳು, ಮೂಸಿದಳು. ಶುಂಠಿಯ ಘಾಟು ಎಂದೋ ಹೋಗಿತ್ತು. ಸ್ವಲ್ಪ ಹೊತ್ತು ಎದೆಗವಚಿಕೊಂಡು ನಿಂತು, ಮತ್ತೆ ಅದನ್ನು ಅದರ ಜಾಗದಲ್ಲೇ ಕೂರಿಸಿದಳು.

"ಬೇಡ ಸರ್. ನನ್ನ ವಸ್ತೂನ ನಾನೇ ಕದ್ದ ಹಾಗಾಗುತ್ತೆ. ನಮ್ಮಮ್ಮ ಯಾರ ಮನೆ ಹಿಂಬಾಗಿಲಿಂದಲೂ ಹೋದವಳಲ್ಲ. ಕೊಡೋದಿದ್ರೆ ನಾಳೆ ಅವರೆದುರಿಗೇ ಕಾರ್ಡು ತಿದ್ದಿ ಕೊಡಿ. ಇಲ್ಲದಿದ್ರೆ ಅಲ್ಲೇ ಇರಲಿ, ಯಾರದು ಅಂತ ಕೇಳಿದವರಿಗೆ ನಾನು ಹೇಳ್ತೀನಿ."

ಪೆಟ್ಟಿಗೆಗೆ ಬೀಗ ಹಾಕಿ, ದಿನದಂತೆ ಮೂರು ಸಲ ಜಗ್ಗಿ ನೋಡಿದಳು. ಸಂತೆಯ ಕುಟ್ಟಾಣಿಯನ್ನು ಅದೇ ಪೊಟ್ಟಣದಲ್ಲಿ ಸುತ್ತಿ ಸಾಹೇಬರ ಕೈಗಿತ್ತಳು.

"ಇದು ನೀವೇ ಇಟ್ಕೊಳಿ ಸರ್. ಗಂಟಲು ಕಟ್ಟಿದಾಗ ಬೇಕಾಗುತ್ತೆ."