ಕಮಲಾಕ್ಷತ್ತೆಯ ‘ಯಾಕೆ?’

ಮಧುಗಿರಿ ಪೇಟೆಯ ನಮ್ಮ ಮನೆ ಜಗಲಿ ಮೇಲೆ ಕೂತು ಗಣಿತ ಕಲಿತವರಲ್ಲಿ ನಾನೇ ಮೊದಲಿಗ. ಅದರಲ್ಲಿ ಹೆಮ್ಮೆಪಡುವಂಥದ್ದೇನೂ ಇಲ್ಲ. ಇಂಟರ್‌ಮೀಡಿಯೆಟ್ ಓದಲು ಬೆಂಗಳೂರಿಗೆ ಹೋಗಿ, ಗಣಿತದಲ್ಲಿ ಡುಮ್ಕಿ ಹೊಡೆದು, ಹಾಸಿಗೆ ಸುತ್ತಿಕೊಂಡು ವಾಪಸು ಬಂದಿದ್ದೆ. ನಮ್ಮಪ್ಪ ಮಹಾಲಿಂಗಯ್ಯನವರದು ಜವಳಿ ಅಂಗಡಿ. “ಯೂನಿವರ್ಸಿಟಿ ನೋಡ್ಕೊಂಡು ಬಂದವ್ನೆ ನಮ್ಮ ಶಂಕರಲಿಂಗ” ಎಂದು ಗಿರಾಕಿಗಳ ಮುಂದೆ ಚುಚ್ಚುತ್ತಿದ್ದರು. ಒಂದು ದಿನ ಊಟಕ್ಕೆ ಬಡಿಸುತ್ತಿದ್ದ ಕಮಲಾಕ್ಷತ್ತೆ, “ಅವನನ್ನ ನನ್ನ ಕೈಗೆ ಕೊಡು ಅಣ್ಣಯ್ಯ, ನಾನು ಹೇಳಿಕೊಡ್ತೀನಿ” ಅಂದಳು.

ಕಮಲಾಕ್ಷಮ್ಮ ಅಪ್ಪನ ತಂಗಿ. ಆಕೆಯ ಗಂಡ ಮೈಸೂರಿನಲ್ಲಿ ಮೇಷ್ಟರಾಗಿದ್ದರು. ಜನ ಆಡಿಕೊಂಡರೂ ಹಟ ಹಿಡಿದು ಹೆಂಡತಿಯನ್ನು ಕಾಲೇಜಿಗೆ ಕಳಿಸಿದ ಪುಣ್ಯಾತ್ಮ. ಅತ್ತೆ ಗಣಿತ ತೆಗೆದುಕೊಂಡು ಇಂಟರ್‌ಮೀಡಿಯೆಟ್ ಮುಗಿಸಿ ಬಿ.ಎ.ಗೆ ಸೇರಿದ ವರ್ಷವೇ ಆತ ವಿಷಮಶೀತ ಜ್ವರದಲ್ಲಿ ತೀರಿಕೊಂಡರು. ಒಂದು ಟ್ರಂಕು ಪುಸ್ತಕದ ಜೊತೆ ಅತ್ತೆ ತವರಿಗೆ ಬಂದಳು. ನಮ್ಮವರಲ್ಲಿ ಗಂಡ ಸತ್ತವಳ ತಲೆ ಬೋಳಿಸುವುದಿಲ್ಲ ಎಂದು ಅಪ್ಪ ದೊಡ್ಡದಾಗಿ ಹೇಳಿಕೊಳ್ಳುತ್ತಿದ್ದರು. ಬೋಳಿಸಲಿಲ್ಲ, ನಿಜ. ಬೀದಿ ಬಾಗಿಲು ದಾಟಲು ಬಿಡಲಿಲ್ಲ, ಅಷ್ಟೆ.

ನಾನು ಪಾಸಾಗಿ ಅಂಗಡಿಗೆ ಕೂತೆ, ಬೆಳಗಿನ ಪಾಠ ಮಾತ್ರ ಬಿಡಲಿಲ್ಲ. ಸುದ್ದಿ ಹಬ್ಬಿತು. ಮರುವರ್ಷದ ಬೇಸಿಗೆಗೆ ಕೊರಟಗೆರೆಯಿಂದ, ಸಿರಾದಿಂದ, ಅರ್ಧ ತೆಲುಗು ಆಡುವ ಪಾವಗಡ ಸೀಮೆಯಿಂದ ಫೇಲಾದ ಕಾಲೇಜು ಹುಡುಗರು ಹುಡುಕಿಕೊಂಡು ಬಂದರು. ಸೆಪ್ಟೆಂಬರಿನಲ್ಲಿ ಮತ್ತೆ ಪರೀಕ್ಷೆಗೆ ಕೂರಬೇಕಾದವರು ಅವರೆಲ್ಲ. ಅಪ್ಪನಿಗೆ ಒಳಗೊಳಗೇ ಹಿಗ್ಗು, ಹೊರಗೆ ಬಿಗುಮಾನ. ಒಂದು ಕಟ್ಟಳೆ ಮಾಡಿದರು. ಹುಡುಗರು ಜಗಲಿ ಮೇಲೆ ಕೂರಬೇಕು, ಅತ್ತೆ ಬಾಗಿಲ ಹಿಂದೆ ಕೂರಬೇಕು, ಒಬ್ಬರಿಗೊಬ್ಬರು ಕಾಣಬಾರದು. “ನೀನು ಹೊಸಿಲು ದಾಟಿ ಆಚೆ ಬಂದ ದಿನ ಪಾಠ ಮುಗೀತು ಅಂತ ತಿಳ್ಕೊ, ಕಮಲೂ.”

ಹೀಗಾಗಿ ಅತ್ತೆಗೆ ನಮ್ಮ ಸ್ಲೇಟು ಕಾಣುತ್ತಿರಲಿಲ್ಲ. ಬರೆಯುವ ಸಾಲು ಸಾಲನ್ನೂ ನಾವು ಕೂಗಿ ಹೇಳಬೇಕು. ಒಂದು ಸಾಲು ಹೇಳಿದ ತಕ್ಷಣ ಒಳಗಿಂದ “ಯಾಕೆ?” ಅನ್ನುತ್ತಿದ್ದಳು. ತಪ್ಪಿದ್ದರೂ ಯಾಕೆ, ಸರಿಯಿದ್ದರೂ ಯಾಕೆ. ಕಾರಣ ಕೊಟ್ಟರೆ “ಹೂಂ, ಮುಂದೆ” ಅನ್ನುವಳು. ಶಭಾಷ್‌ಗಿರಿ ಅಂತ ಅವಳ ಬಾಯಿಂದ ಬಂದದ್ದು ಅದೊಂದೇ. ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿಕೊಂಡು ಬಂದಿದ್ದ ನಮಗೆ, ಕನ್ನಡದಲ್ಲಿ ಕಾರಣ ಕೊಡುವಷ್ಟರಲ್ಲಿ ಬೆವರು ಕಿತ್ತುಕೊಂಡು ಬರುತ್ತಿತ್ತು. ಅಪ್ಪನ ಕಟ್ಟಳೆಯಿಂದ ಹುಟ್ಟಿದ ಪಾಠ ಅದು. ನಮ್ಮ ಕಾಲೇಜಿನ ಯಾವ ಪಾಠವೂ ಅಷ್ಟು ಒಳಗೆ ಇಳಿದಿರಲಿಲ್ಲ.

ಹಾಗಿರುವಾಗ ಜುಂಜಪ್ಪ ಬಂದ. ಪಟ್ಟನಾಯಕನಹಳ್ಳಿ ಕಡೆಯ ಗೊಲ್ಲರಹಟ್ಟಿಯವನು, ಆ ಹಟ್ಟಿಯಿಂದ ಕಾಲೇಜು ಮೆಟ್ಟಿಲು ಹತ್ತಿದ ಮೊದಲ ಹುಡುಗ. ಎರಡು ಸಲ ಗಣಿತದಲ್ಲಿ ಹೋಗಿತ್ತು. ಈ ಸಲವೂ ಹೋದರೆ ಸರ್ಕಾರ ಕೊಟ್ಟಿದ್ದ ಸ್ಕಾಲರ್‌ಷಿಪ್ಪೂ ಪುಕ್ಕಟೆ ಹಾಸ್ಟೆಲ್ಲೂ ರದ್ದು, ಮತ್ತೆ ಕುರಿ ಹಿಂದೆ ಹೋಗುವುದೇ. ಅವನ ತಾಯಿ ರಂಗಕ್ಕ ಜೊತೆಗೇ ಬಂದು, ಬಾಗಿಲಿಗೆ ಕೈಮುಗಿದು, “ಎಂಗಾನಾ ಮಾಡಿ ದಡ ಮುಟ್ಸವ್ವ” ಅಂದು ಹೋದಳು.

ಜುಂಜಪ್ಪನಿಗೆ ಉಗ್ಗು ಇತ್ತು.

ಮೊದಲ ದಿನ ಒಂದು ಸಾಲು ಹೇಳಲು ಹೊರಟು ಅವನ ಕುತ್ತಿಗೆಯ ನರ ಉಬ್ಬಿತು. ಪಕ್ಕದವರು ನಕ್ಕರು. ಎರಡನೆಯ ದಿನದಿಂದ ಬಾಯೇ ಬಿಡಲಿಲ್ಲ. ಅತ್ತೆ ಅವನ ಸ್ಲೇಟು ತರಿಸಿಕೊಂಡು ನೋಡಿದಳು. ಕೊನೆಯ ಉತ್ತರ ತಪ್ಪು, ನಡುವೆಲ್ಲ ಅಳಿಸಿದ ಗುರುತು. “ಬರೆದಿದ್ದು ಕಾಣುತ್ತೆ ಶಂಕರ, ಕೈ ಎಲ್ಲಿ ನಿಂತಿತು ಅನ್ನೋದು ಕಾಣಲ್ಲ” ಅಂದಳು. ಕಾಲೇಜಿನಲ್ಲೂ ಅವನು ಒಂದು ದಿನವೂ ಎದ್ದು ನಿಂತು ಕೇಳಿದವನಲ್ಲ. ಹಾಗಾಗಿ ಎಲ್ಲಿ ಎಡವುತ್ತಾನೆ ಎಂದು ಯಾರಿಗೂ ಗೊತ್ತಿರಲಿಲ್ಲ.

ಒಂದು ವಾರ ಅತ್ತೆ ಸರಿಯಾಗಿ ಉಣ್ಣಲಿಲ್ಲ. ಆ ಮನೆಯಲ್ಲಿ ಅವಳದು ಅನ್ನುವುದು ಏನಿತ್ತು? ಬೆಳಗ್ಗೆ ಎರಡು ಗಂಟೆ ಹೊತ್ತು ಬಾಗಿಲ ಹಿಂದೆ ಕೂತು ಕೇಳುವ “ಯಾಕೆ” ಅಷ್ಟೆ. ಹೊರಗೆ ಕಾಲಿಟ್ಟರೆ ಅದೂ ಹೋಗುತ್ತದೆ. ಇಡದಿದ್ದರೆ ಜುಂಜಪ್ಪ ಹೋಗುತ್ತಾನೆ.

ಶ್ರಾವಣದ ಒಂದು ಬೆಳಗ್ಗೆ, ಬೀದಿ ತುಂಬ ಜನ ಓಡಾಡುತ್ತಿರುವಾಗ, ಅತ್ತೆ ಸೆರಗು ಹೊದ್ದು ಹೊಸಿಲು ದಾಟಿ ಬಂದು ಜಗಲಿ ಮೇಲೆ ಜುಂಜಪ್ಪನ ಪಕ್ಕ ಕೂತಳು. ಅವಳು ಅವನ ಕೈಯನ್ನೇ ನೋಡುತ್ತಿದ್ದಳು. “ಬರಿ ಮಗ. ನೀನು ಮಾತಾಡಬೇಡ.”

ವರ್ಗ ಪೂರ್ತಿ ಮಾಡುವ ಲೆಕ್ಕ ಅದು. ಒಂದು ಸಂಖ್ಯೆಯನ್ನು ಸಮೀಕರಣದ ಎರಡೂ ಕಡೆ ಕೂಡಬೇಕಾದ ಜಾಗದಲ್ಲಿ ಜುಂಜಪ್ಪನ ಬಳಪ ನಿಂತಿತು. ಒಂದೇ ಕಡೆ ಕೂಡಿದ, ಅನುಮಾನಪಟ್ಟ, ಅಳಿಸಿದ. “ಇಲ್ಲೇ ಕಣ್ರೋ” ಅಂದಳು ಅತ್ತೆ, ಕಳೆದುಹೋದ ಕಿವಿಯೋಲೆ ಸಿಕ್ಕಿದ ಹಾಗೆ. ಸೀಮೆಸುಣ್ಣದ ಕಡ್ಡಿ ತಗೊಂಡು ಜಗಲಿಯ ಕಲ್ಲಿನ ಮೇಲೆ ಕುರಿ ಕೂಡಿಹಾಕುವ ಚೌಕದ ರೊಪ್ಪ ಬರೆದಳು. ಅದನ್ನು ಎರಡು ಮಗ್ಗುಲಿಗೂ ಒಂದೇ ಸಮ ಬೆಳೆಸಿ, ಮೂಲೆಯಲ್ಲಿ ಉಳಿಯುವ ಖಾಲಿ ಚೌಕ ತೋರಿಸಿದಳು. ಆ ಮೂಲೆ ತುಂಬಿದರೇ ದೊಡ್ಡ ಚೌಕ ಪೂರ್ತಿ. ಈ ಕಡೆ ತುಂಬಿದ್ದನ್ನು ಆ ಕಡೆಗೂ ಕೊಡಬೇಕು. ಜುಂಜಪ್ಪ ಆ ಗೆರೆಗಳನ್ನೇ ತುಂಬ ಹೊತ್ತು ನೋಡಿದ. ಆಮೇಲೆ ತಾನೇ ಬಳಪ ಎತ್ತಿಕೊಂಡ.

ಅಷ್ಟರಲ್ಲಿ ಯಾರೋ ಅಂಗಡಿಗೆ ಸುದ್ದಿ ಮುಟ್ಟಿಸಿದ್ದರು. ಅಪ್ಪ ಬಂದು ಬೀದಿಯಲ್ಲೇ ನಿಂತು, “ಕಮಲೂ, ಒಳೀಕೆ ನಡಿ” ಅಂದರು.

“ಸೆಪ್ಟೆಂಬರ್‌ವರೆಗೂ ಬಿಡು ಅಣ್ಣಯ್ಯ. ಆಮೇಲೆ ನೀನು ಹೇಳಿದ ಹಂಗೇ ಆಗ್ಲಿ.”

“ಪರೀಕ್ಷೆವರೆಗೆ, ಅಷ್ಟೆ” ಅಂದರು ಅಪ್ಪ. ಅವರು ಮಾತಿಗೆ ತಪ್ಪುವವರಲ್ಲ, ಅದೇ ನಮ್ಮ ಗ್ರಹಚಾರ. ಪರೀಕ್ಷೆವರೆಗೂ ಬಿಟ್ಟರು. ಅದು ಮುಗಿದ ದಿನ ಜಗಲಿ ತೊಳೆಸಿ, ಬೀದಿ ಬಾಗಿಲು ಮುಚ್ಚಿಸಿದರು. ಆಮೇಲೆ ಬಂದ ಹುಡುಗರನ್ನೆಲ್ಲ “ಪಾಠ ನಿಂತೋಯ್ತು ಕಣಪ್ಪ” ಎಂದು ವಾಪಸು ಕಳಿಸಿದರು. ನನಗೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ. ಅತ್ತೆ ಮಾತ್ರ ಪುಸ್ತಕಗಳನ್ನು ಟ್ರಂಕಿಗೆ ತುಂಬಿ ಅಟ್ಟಕ್ಕೆ ಹಾಕಿಸಿದಳು.

ಫಲಿತಾಂಶ ಬಂದ ಮೇಲೆ ಜುಂಜಪ್ಪ ನಡೆದುಕೊಂಡು ಬಂದ. ಪಾಸಾಗಿದ್ದ. ಅಪ್ಪ ಜಗಲಿ ಮೇಲೆ ಎಲೆ ಅಡಿಕೆ ಹಾಕುತ್ತ ಕೂತಿದ್ದರು. “ಒಳ್ಳೇದಾಯ್ತು ಹೋಗಪ್ಪ” ಅಂದರು. ಬಾಗಿಲ ಕಡೆ ನೋಡಲೂ ಬಿಡಲಿಲ್ಲ.

ಅವನು ಹೋಗಲಿಲ್ಲ. ಬೀದಿಯ ನಡುವೆ ಬಾಗಿಲಿಗೆ ಎದುರಾಗಿ ನಿಂತು ಗಟ್ಟಿಯಾಗಿ ಆ ಲೆಕ್ಕವನ್ನೇ ಹೇಳತೊಡಗಿದ. ಒಂದೊಂದು ಮಾತಿಗೂ ಉಗ್ಗು, ಒಂದೊಂದು ಸಾಲಿಗೂ ಉಸಿರು. ಜನ ಸೇರಿದರು. ಕೆಲವರು ನಕ್ಕರು. ಅವನು ಯಾರನ್ನೂ ನೋಡದೆ ಮುಂದುವರಿಸಿದ. “ಎ-ಎರಡೂ ಕಡೀಗೂ ಕೂ-ಕೂಡ್ಬೇಕು.”

ಮುಚ್ಚಿದ ಬಾಗಿಲ ಹಿಂದಿನಿಂದ ಕೇಳಿಸಿತು: “ಯಾಕೆ?”

ನಗು ನಿಂತಿತು. ಅಪ್ಪನ ಕೈಯ ಎಲೆ ಬಾಯಿಗೆ ಹೋಗಲಿಲ್ಲ.

“ಒ-ಒಂದೇ ಕಡೀಕೆ ಕೊ-ಕೊಟ್ರೆ ಸಮ ಇರಾಕಿಲ್ಲ, ಅವ್ವ.”

ಒಳಗೆ ಅತ್ತೆ ಮೂಗೊರೆಸಿಕೊಂಡದ್ದು ನಮಗೆಲ್ಲ ಕೇಳಿಸಿತು.

“ಹೂಂ” ಅಂದಳು. “ಮುಂದೆ.”